ಗೊಂಬೆ ಕಾರ್ಖಾನೆಯ ಕಬ್ಬಿಣದ ಬಾಗಿಲು

ಸೋಮವಾರ ಬೆಳಿಗ್ಗೆ ಥೋವಾಳ ತೋರುಬೆರಳಿಗೆ ಸೂಜಿ ಇಳಿಯಿತು. ಗೊಂಬೆಯ ತಲೆಗೆ ಕೂದಲು ನೆಡುವ ಯಂತ್ರ ನೋಡುವುದಕ್ಕೆ ಹೊಲಿಗೆ ಯಂತ್ರದ ಹಾಗೇ ಇರುತ್ತದೆ, ಆದರೆ ಅದರ ವೇಗ ಬೇರೆ. ಬೋಳು ತಲೆಯನ್ನು ಬರಿಗೈಯಲ್ಲಿ ಹಿಡಿದು ಸೂಜಿಯ ಕೆಳಗೆ ತಿರುಗಿಸುತ್ತಾ ಹೋಗಬೇಕು. ಥೋವಾಳ ಹಸುಗೂಸಿಗೆ ಜ್ವರವಿತ್ತು, ಅವಳಿಗೆ ನಿದ್ದೆಯಿರಲಿಲ್ಲ. ಒಂದು ಕ್ಷಣ ರೆಪ್ಪೆ ಮುಚ್ಚಿತು. ಸೂಜಿ ಉಗುರನ್ನು ತೂರಿ ಒಳಗೇ ಮುರಿಯಿತು.

ಅವಳ ಕಿರುಚಾಟಕ್ಕೆ ಮೊದಲು ಓಡಿಬಂದವಳು ದಿಯೆಪ್. ಕೂದಲಿನ ವಿಭಾಗಕ್ಕೆ ಅವಳೇ ಮೇಲ್ವಿಚಾರಕಿ, ಅಲ್ಲಿನ ಹೆಂಗಸರಿಗೆಲ್ಲ ಅಕ್ಕ. ಥೋವಾಳ ಕೈಗೆ ತನ್ನ ಮುಖವಸ್ತ್ರವನ್ನೇ ಬಿಚ್ಚಿ ಸುತ್ತಿದಳು. ಅಷ್ಟರಲ್ಲಿ ಮ್ಯಾನೇಜರ್ ಖಾ ಬಂದ. ತೈವಾನಿನವನು, ವಿಯೆಟ್ನಾಮಿನ ಬಿನ್ಹ್ ಯುವಾಂಗಿಗೆ ಬಂದು ನಾಲ್ಕು ವರ್ಷವಾಗಿದ್ದರೂ ವಿಯೆಟ್ನಾಮಿ ಮಾತು ಅವನ ಬಾಯಲ್ಲಿ ಮುರಿದು ಮುರಿದೇ ಬರುತ್ತಿತ್ತು.

"ಚೂರು ಎಲ್ಲಿ?"

"ಬೆರಳೊಳಗಿದೆ ಸಾರ್. ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ."

"ಚೂರು ಬೇಕು. ಈಗ."

ಆ ನಿಯಮ ಎಲ್ಲರಿಗೂ ಗೊತ್ತಿದ್ದದ್ದೇ. ಸೂಜಿ ಮುರಿದರೆ ಅದರ ಕೊನೆಯ ಚೂರೂ ಸಿಗುವವರೆಗೆ ಆ ಸಾಲಿನ ಒಂದು ಯಂತ್ರವೂ ತಿರುಗುವಂತಿಲ್ಲ. ಸಿಗದ ಚೂರು ಜರ್ಮನಿಯಲ್ಲೋ ಅಮೆರಿಕದಲ್ಲೋ ಯಾವುದಾದರೂ ಮಗುವಿನ ಕೈಗೆ ಚುಚ್ಚಿದರೆ ಹಡಗಿನ ಮಾಲೆಲ್ಲ ವಾಪಸಾಗುತ್ತದೆ. ಕ್ರಿಸ್‌ಮಸ್ಸಿನ ಗೊಂಬೆಗಳು ತಯಾರಾಗುವುದು ಮೇ ತಿಂಗಳಿನಿಂದ. ಸಾಲು ನಿಂತಷ್ಟು ಹೊತ್ತು ಖಾನ ಕುತ್ತಿಗೆಯ ನರ ಉಬ್ಬುತ್ತಾ ಹೋಗುತ್ತಿತ್ತು.

ಅವನು ಮೆಕ್ಯಾನಿಕ್ಕನ ಡಬ್ಬಿಯಿಂದ ಇಕ್ಕಳ ತೆಗೆದ. ಥೋವಾಳ ಮುಂಗೈಯನ್ನು ಮೇಜಿನ ಮೇಲಿಟ್ಟು ಅದರ ಮೇಲೆ ತನ್ನ ಮೊಣಕಾಲೂರಿದ. ಬಟ್ಟೆ ಬಿಚ್ಚಿ, ಉಗುರಿನ ಬದಿಯಿಂದ ಇಕ್ಕಳದ ಮೂತಿ ತೂರಿಸಿದ. ಥೋವಾ ಕೂಗಿದ ಕೂಗಿಗೆ ಕೆಳಗಿನ ಮಹಡಿಯಲ್ಲಿ ಗೊಂಬೆಗೆ ಕಣ್ಣು ಬರೆಯುತ್ತಿದ್ದವರೂ ಎದ್ದುನಿಂತರು. ದಿಯೆಪ್ ಅವನ ಅಂಗಿಯ ಕಾಲರು ಹಿಡಿದು ಹಿಂದಕ್ಕೆ ಎಳೆದಳು. ಅವನು ತಿರುಗಿ, ಇಕ್ಕಳ ಹಿಡಿದ ಕೈಯಿಂದಲೇ ಅವಳ ಬಾಯಿಗೆ ಬಾರಿಸಿದ. ತುಟಿ ಸೀಳಿತು. ಮತ್ತೆ ಬಾಗಿ ಚೂರನ್ನು ಎಳೆದು ತೆಗೆದ. ಅಂಗಿಯ ಅಂಚಿಗೆ ಒರೆಸಿ, ಉಳಿದರ್ಧ ಸೂಜಿಗೆ ಜೋಡಿಸಿ, ದೀಪದ ಕೆಳಗೆ ಹಿಡಿದು ನೋಡಿದ. ಸರಿಯಾಗಿ ಕೂತಿತು.

"ಸರಿ. ಕೆಲಸ," ಎಂದ.

ಹೆಂಗಸರು ಕೂತರು. ಯಂತ್ರಗಳು ಶುರುವಾದವು.

ದಿಯೆಪ್‌ಳ ಗಂಡ ಲುವಾನ್ ಅದೇ ಕಾರ್ಖಾನೆಯ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ. ಬೆನ್‌ತ್ರೆಯ ತೆಂಗಿನ ತೋಟದ ಊರಿನವನು, ಮಾತು ಕಮ್ಮಿ. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅನ್ನದ ತಟ್ಟೆ ಹಿಡಿದು ಅವಳೆದುರಿಗೆ ಬಂದು ಕೂತ. ಸುದ್ದಿ ಆಗಲೇ ಅವನನ್ನು ಮುಟ್ಟಿತ್ತು.

"ಯಾವ ಕೈಲಿ ಹೊಡ್ದ?"

"ಬಿಡು, ಅನ್ನ ತಿನ್ನು."

"ಯಾವ ಕೈ ಅಂತ ಕೇಳ್ದೆ."

"ಬಲಗೈ. ತಿಳ್ಕೊಂಡು ಏನ್ ಮಾಡ್ತೀಯ? ಕೆಲಸ ಕಳ್ಕೊಂಡು ಮನೇಲಿ ಕೂತ್ಕೊಳ್ತೀಯಾ?"

ಲುವಾನ್ ಮೀನಿನ ಮುಳ್ಳನ್ನು ಒಂದೊಂದಾಗಿ ಬಿಡಿಸಿ ಬದಿಗಿಡುತ್ತಾ ಊಟ ಮುಗಿಸಿದ.

ಆ ದಿನಗಳಲ್ಲಿ ಎಲ್ಲರ ಬಾಯಲ್ಲೂ ಸಮುದ್ರದ್ದೇ ಮಾತು. ಚೀನಾದವರು ನಮ್ಮ ನೀರಿನಲ್ಲಿ ಎಣ್ಣೆ ಬಾವಿ ಕೊರೆಯುವ ಅಟ್ಟಣೆ ತಂದು ನಿಲ್ಲಿಸಿದ್ದಾರೆ, ನಮ್ಮ ದೋಣಿಗಳಿಗೆ ಗುದ್ದುತ್ತಿದ್ದಾರೆ ಎಂದು ಟಿವಿಯಲ್ಲಿ ದಿನವೂ ಬರುತ್ತಿತ್ತು. ಮಂಗಳವಾರದ ಹೊತ್ತಿಗೆ ಕೈಗಾರಿಕಾ ಬಡಾವಣೆಯ ಆಚೆ ತುದಿಯಲ್ಲಿ ಹೊಗೆ ಕಾಣಿಸಿತು. ಚೀನೀ ಅಕ್ಷರವಿದ್ದ ಫಲಕ ಕಂಡಲ್ಲೆಲ್ಲ ಕಲ್ಲು ಬೀಳುತ್ತಿದೆಯಂತೆ, ತೈವಾನು ಯಾವುದು ಚೀನಾ ಯಾವುದು ಎಂದು ಯಾರೂ ಕೇಳುತ್ತಿಲ್ಲವಂತೆ. ಖಾ ಕಾರ್ಖಾನೆಯ ಫಲಕಕ್ಕೆ ಟಾರ್ಪಾಲು ಹೊದಿಸಿದ. ಗೇಟಿಗೆ ಹಳದಿ ನಕ್ಷತ್ರದ ಕೆಂಪು ಬಾವುಟ ಕಟ್ಟಿಸಿದ. "ನಾವು ತೈವಾನಿನವರು, ವಿಯೆಟ್ನಾಮಿನ ಗೆಳೆಯರು" ಎಂದು ಬಟ್ಟೆಯ ಮೇಲೆ ಬರೆಸಿ ನೇತುಹಾಕಿಸಿದ.

"ಟಾರ್ಪಾಲು ಫಲಕಕ್ಕೆ ಸಾಕಾ? ಅವನ ಮುಖಕ್ಕೂ ಒಂದು ಹೊದಿಸಿ," ಎಂದಳು ಪ್ಯಾಕಿಂಗಿನ ಒಬ್ಬಳು.

"ಹೊದಿಸಿದ್ರೂ ಬಾಯಿ ತೆಗೆದ್ರೆ ಗೊತ್ತಾಗತ್ತಲ್ಲೇ," ಎಂದಳು ಇನ್ನೊಬ್ಬಳು. ಎಲ್ಲರೂ ನಕ್ಕರು. ದಿಯೆಪ್ ಕೂಡ ನಕ್ಕಳು, ತುಟಿ ಉರಿಯಿತು.

ಬುಧವಾರ ಊಟದ ಹೊತ್ತಿಗೆ ಮೋಟರ್ ಸೈಕಲ್ಲುಗಳ ಹಾರ್ನ್ ಕೇಳಿಸಿತು. ಮೊದಲು ಮದುವೆಯ ಮೆರವಣಿಗೆಯಂತೆ ಕೇಳಿತು. ಆಮೇಲೆ ಗೇಟಿನ ಕಬ್ಬಿಣ ಬಡಿಯುವ ಸದ್ದು. ಕಾವಲುಗಾರರು ಬೀಗ ತೆಗೆದು, ಟೊಪ್ಪಿ ಎಸೆದು ಓಡಿದರು. ಹೆಂಗಸರನ್ನು ಹಿಂದಿನ ಬಾಗಿಲಿನಿಂದ ಹೊರಗೆ ಕಳಿಸಿದ್ದು ದಿಯೆಪ್‌ಳೇ. ತಾನು ಮಾತ್ರ ಮೂರನೆಯ ಮಹಡಿಯಲ್ಲಿ ಉಳಿದಳು. ಗೊಂಬೆಯ ಗುಂಗುರು ಕೂದಲು ಸೆಟ್ ಮಾಡುವ ಆವಿಯ ಪೆಟ್ಟಿಗೆಗಳು ಇನ್ನೂ ಉರಿಯುತ್ತಿದ್ದವು. ಹಾಗೇ ಬಿಟ್ಟು ಹೋದರೆ ನೈಲಾನು ಕರಗಿ ಬೆಂಕಿ ಹತ್ತುತ್ತದೆ. ಒಂದೊಂದೇ ಗುಂಡಿ ಆರಿಸುತ್ತಾ ಕಿಟಕಿಯ ಹತ್ತಿರ ಬಂದು ಕೆಳಗೆ ನೋಡಿದಳು.

ಅಂಗಳದಲ್ಲಿ ತಾಂಗ್ ಅಜ್ಜ ನಿಂತಿದ್ದರು. ಅವರೂ ತೈವಾನಿನವರೇ, ಗೊಂಬೆ ಎರೆಯುವ ಕಬ್ಬಿಣದ ಅಚ್ಚುಗಳನ್ನು ರಿಪೇರಿ ಮಾಡುವವರು. ಸೀಬೆಕಾಯಿ ಹೆಚ್ಚಿ ಉಪ್ಪು ಮೆಣಸಿನಪುಡಿ ಹಚ್ಚಿ ಕೂದಲಿನ ವಿಭಾಗದ ಹೆಂಗಸರಿಗೆಲ್ಲ ಹಂಚುತ್ತಿದ್ದರು. ವಿಯೆಟ್ನಾಮಿ ಮಾತು ಚೆನ್ನಾಗಿ ಬರುತ್ತಿತ್ತು. ಆ ಧೈರ್ಯಕ್ಕೇ ಇರಬೇಕು, ಎರಡೂ ಕೈ ಜೋಡಿಸಿಕೊಂಡು ಗುಂಪಿನೆದುರಿಗೆ ಹೋಗಿದ್ದರು.

"ತಮ್ಮಂದಿರಾ, ಕೇಳ್ರಪ್ಪಾ, ನಾವು ಚೀನಾದವರಲ್ಲ..."

ಮೊದಲ ಏಟು ಹೆಲ್ಮೆಟ್ಟಿನದು, ಕಿವಿಯ ಮೇಲೆ ಬಿತ್ತು. ಅವರು ಬೀಳಲಿಲ್ಲ. ಕೈ ಜೋಡಿಸಿಯೇ ಇದ್ದರು. ಆಮೇಲೆ ನೀರಿನ ಕೊಳವೆ ಹಿಡಿದವನೊಬ್ಬ ಮೊಣಕಾಲಿಗೆ ಬೀಸಿದ. ಬಿದ್ದ ಮೇಲೆ ಎಷ್ಟು ಜನ ಸುತ್ತುವರಿದರೆಂದರೆ ಅವರು ಕಾಣಿಸಲೇ ಇಲ್ಲ, ಮೇಲೇಳುವ ಇಳಿಯುವ ತೋಳುಗಳು ಮಾತ್ರ ಕಂಡವು. ಒಬ್ಬ ಲಾರಿಗೆ ಮಾಲು ತುಂಬುವ ಕಟ್ಟೆ ಹತ್ತಿ, ಅಲ್ಲಿಂದ ಎರಡೂ ಕಾಲು ಜೋಡಿಸಿ ಆ ಗುಂಪಿನ ನಡುವಕ್ಕೆ ಧುಮುಕಿದ. ಒಂದು ಸದ್ದು ಮೂರನೆಯ ಮಹಡಿಗೆ ಕೇಳಿಸಿತು. ಅದು ಮನುಷ್ಯರ ಗಂಟಲಿನಿಂದ ಬರುವ ಸದ್ದಲ್ಲ. ಅವರ ಆಚೆ, ಹತ್ತು ಹೆಜ್ಜೆ ದೂರದಲ್ಲಿ, ಜನ ಗೊಂಬೆಯ ಪೆಟ್ಟಿಗೆಗಳನ್ನು ಬೈಕಿಗೆ ಕಟ್ಟಿಕೊಳ್ಳುತ್ತಿದ್ದರು. ಹೆಂಗಸೊಬ್ಬಳು ಒಂದು ಗೊಂಬೆಯನ್ನು ಪೆಟ್ಟಿಗೆಯಿಂದ ತೆಗೆದು, ಬಣ್ಣ ಹಿಡಿಸದೆ, ವಾಪಸಿಟ್ಟು, ಗುಲಾಬಿ ಲಂಗದ್ದನ್ನು ಆರಿಸಿಕೊಂಡಳು.

ದಿಯೆಪ್ ಕಿಟಕಿಯಿಂದ ಹಿಂದೆ ಸರಿದಳು. ಯಾರೋ ಅವಳ ತೋಳು ಹಿಡಿದರು.

ಖಾ. ಪಾಯಖಾನೆಯಲ್ಲಿ ಅಡಗಿದ್ದವನು ಹೊರಗೆ ಬಂದಿದ್ದ. ಪ್ಯಾಂಟು ಒದ್ದೆಯಾಗಿತ್ತು.

"ದಿಯೆಪ್. ದಿಯೆಪ್. ದಾರಿ?"

"ಕೂಗಲಾ?" ಎಂದಳು ಅವಳು. "ಇಲ್ಲೇ ಇದಾನೆ ಬನ್ನಿ ಅಂತ ಕೂಗಲಾ? ಹೇಳು."

ಅವನಿಗೆ ಅರ್ಥವಾಯಿತು. ಮಂಡಿಯೂರಿ ಕೂತು ಹಣೆಯನ್ನು ಅವಳ ಚಪ್ಪಲಿಗೆ ತಾಗಿಸಿದ. ಅವಳಿಗೆ ಅವನ ಮೇಲೆ ಮರುಕ ಬರಲಿಲ್ಲ, ಇನ್ನಷ್ಟು ಹೇಸಿಗೆಯಾಯಿತು. ಕಾಲು ಕಿತ್ತುಕೊಂಡಳು. ಆದರೆ ಕಿವಿಯೊಳಗೆ ಆ ಸದ್ದು ಇನ್ನೂ ನಿಂತಿತ್ತು, ಅದನ್ನು ಇನ್ನೊಮ್ಮೆ ಕೇಳಲಾರಳು. ಖಾನ ಕಾಲರು ಹಿಡಿದು ಎಬ್ಬಿಸಿ, ಮಹಡಿಯ ಕೊನೆಗೆ ಎಳೆದುಕೊಂಡು ಹೋದಳು. ಅಲ್ಲಿ ಅಚ್ಚುಗಳನ್ನು ಇಡುವ ಕೋಣೆ, ಕಿಟಕಿಯಿಲ್ಲದ್ದು, ಕಬ್ಬಿಣದ ಬಾಗಿಲಿನದು. ಅವನನ್ನು ಒಳಗೆ ದೂಡಿ ಹೊರಗಿನಿಂದ ಅಗುಳಿ ಹಾಕಿದಳು.

ತಿರುಗಿದರೆ ಲುವಾನ್ ಮೆಟ್ಟಿಲು ಹತ್ತಿ ಬರುತ್ತಿದ್ದ. ಕೈಯಲ್ಲಿ ಕಬ್ಬಿಣದ ಸರಳು.

"ಇನ್ನೂ ಇಲ್ಲೇ ಯಾಕಿದೀಯ? ಎಲ್ಲೆಲ್ಲಿ ಹುಡುಕ್ಲಿ ನಿನ್ನ! ಕೆಳಗೆ ಗೋದಾಮಿಗೆ ಬೆಂಕಿ ಇಡ್ತಿದಾರೆ."

"ಬಂದೆ, ನಡಿ."

ಅವನು ನಡೆಯಲಿಲ್ಲ. ಅವಳ ಮುಖ ನೋಡಿದ, ಬಾಗಿಲು ನೋಡಿದ.

"ಒಳಗಿದಾನಾ?"

ದಿಯೆಪ್ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. "ತಾಂಗ್ ಅಜ್ಜನ್ನ ಹೊಡೆದು ಹಾಕ್ಬಿಟ್ರು ಕಣೋ."

"ನೋಡ್ದೆ. ಬಿಡಿಸೋಕೆ ಹೋದೆ, ಆಗ್ಲಿಲ್ಲ." ಅವನ ಒಂದು ಕಿವಿಯಿಂದ ರಕ್ತ ಇಳಿಯುತ್ತಿದ್ದುದನ್ನು ಅವಳು ಆಗ ಕಂಡಳು. "ನಾನು ಇವನನ್ನ ಕೊಲ್ಲಲ್ಲ. ಸರಿ ಆಚೆಗೆ."

"ಬೇಡ ಲುವಾನ್. ನಿನ್ನ ಕೈ ಮುಗೀತೀನಿ."

ಅವನು ಅವಳ ಎರಡೂ ಭುಜ ಹಿಡಿದು, ಮೂಟೆ ಸರಿಸಿದಷ್ಟೇ ಸಲೀಸಾಗಿ ಸರಿಸಿ, ಅಗುಳಿ ತೆಗೆದ. ಖಾ ಅಚ್ಚುಗಳ ಕಪಾಟಿನ ಹಿಂದೆ ಮುದುಡಿದ್ದ. ಲುವಾನ್ ಅವನನ್ನು ಹೊರಗೆಳೆದು, ಒಂದು ದಪ್ಪ ಅಚ್ಚನ್ನು ತೋರಿಸಿದ.

"ಬಲಗೈ ಇಡು ಇದ್ರ ಮೇಲೆ."

ಖಾ ತಲೆಯಾಡಿಸಿದ. ಲುವಾನ್ ತಾನೇ ಆ ಕೈಯನ್ನು ಹಿಡಿದಿಟ್ಟು, ಎರಡು ದಿನದ ಹಿಂದೆ ಖಾ ಥೋವಾಳಿಗೆ ಮಾಡಿದ ಹಾಗೆಯೇ, ಅದರ ಮೇಲೆ ಮೊಣಕಾಲೂರಿದ. ಸರಳು ಎತ್ತಿ ಇಳಿಸಿದ. ಹಸಿ ಬಿದಿರು ಮುರಿದ ಹಾಗೆ ಸದ್ದಾಯಿತು. ಖಾ ಕೂಗಲಿಲ್ಲ. ಕೂಗಿದರೆ ಏನಾಗುತ್ತದೆಂದು ಗೊತ್ತಿತ್ತು. ತನ್ನ ಅಂಗಿಯ ತೋಳನ್ನು ಬಾಯಿಗೆ ತುರುಕಿಕೊಂಡು, ಕಣ್ಣು ಹೊರಗೆ ಬರುವಂತೆ ಕಚ್ಚಿಹಿಡಿದ.

"ಮೃಗ ನೀನು," ಎಂದಳು ದಿಯೆಪ್. "ಅವರಿಗೂ ನಿಂಗೂ ಏನೋ ವ್ಯತ್ಯಾಸ?"

ಲುವಾನ್ ಬಾಯಿ ತೆರೆಯುವಷ್ಟರಲ್ಲಿ ಮೆಟ್ಟಿಲ ಮೇಲೆ ಬಹಳ ಕಾಲುಗಳ ಸದ್ದಾಯಿತು. ಅವನು ಕೋಣೆಯಿಂದ ಹೊರಗೆ ಬಂದು, ಬಾಗಿಲೆಳೆದು, ಅಗುಳಿ ಹಾಕಿ, ಅದಕ್ಕೆ ಬೆನ್ನಾನಿಸಿ ನಿಂತ. ದಿಯೆಪ್ ಆವಿಯ ಪೆಟ್ಟಿಗೆಗಳ ಸಾಲಿನ ಹಿಂದೆ ಸರಿದಳು.

ಏಳೆಂಟು ಜನ ಬಂದರು. ಮುಂದಿದ್ದವನು ಹಣೆಗೆ ಕೆಂಪು ಪಟ್ಟಿ ಕಟ್ಟಿದ್ದ, ಕೈಯಲ್ಲಿ ಬಾವುಟದ ಕೋಲು ಹಿಡಿದಿದ್ದ. ಬಾವುಟ ಹರಿದುಹೋಗಿ ಕೋಲಿನ ಚೂಪು ತುದಿ ಉಳಿದಿತ್ತು.

"ಒಳಗೆ ಯಾರಣ್ಣ?"

"ಯಾರೂ ಇಲ್ಲ. ಅಚ್ಚು ಇವೆ."

"ಕಬ್ಬಿಣಕ್ಕೆ ಕಾವಲಾ? ಒಳ್ಳೇ ಕೆಲಸ ಹಿಡಿದಿದೀಯ." ಹಿಂದಿದ್ದವರು ನಕ್ಕರು. "ಕಂಪನಿ ಅಂಗಿ ಬೇರೆ. ಎಂಜಲು ತಿನ್ನೋ ನಾಯಿ ನೀನು."

"ಅಚ್ಚು ಹೋದ್ರೆ ಗೊಂಬೆ ಇಲ್ಲ. ಗೊಂಬೆ ಇಲ್ದಿದ್ರೆ ಇಷ್ಟು ಜನ ಹೆಂಗಸರು ಏನ್ ತಿನ್ಬೇಕು? ನಿಮ್ಮಪ್ಪ ಅನ್ನ ಹಾಕ್ತಾನಾ?"

"ಚೀನಾದವನ ಅನ್ನ ರುಚಿಯಾಗಿದ್ಯಾ?"

ಆಗ ಒಳಗಿನಿಂದ ಒಂದು ನರಳಾಟ ಕೇಳಿಸಿತು. ಸಣ್ಣದು. ಆದರೆ ಎಲ್ಲರಿಗೂ ಕೇಳಿಸಿತು.

ಕೆಂಪು ಪಟ್ಟಿಯವನ ನಗು ನಿಂತಿತು. "ಸರೀತೀಯೋ ಇಲ್ವೋ?"

ಲುವಾನ್ ಸರಿಯಲಿಲ್ಲ. ಮೊದಲು ನುಗ್ಗಿದವನ ಮಂಡಿಗೆ ಸರಳಿನಿಂದ ಹೊಡೆದ, ಅವನು ಅಯ್ಯೋ ಎಂದು ಕುಸಿದ. ಎರಡನೆಯವನ ದವಡೆ ತಪ್ಪಿತು, ಹಲ್ಲು ನೆಲಕ್ಕೆ ಉದುರಿತು. ಆಮೇಲೆ ಅವನ ತೋಳಿಗೆ ಇಬ್ಬರು ಜೋತುಬಿದ್ದರು. ಸರಳು ಕೈಬಿಟ್ಟಿತು. ಪಕ್ಕೆಗೆ ಒದ್ದರು, ಹೊಟ್ಟೆಗೆ ಒದ್ದರು. ಬಿದ್ದಲ್ಲಿಂದಲೇ ಅವನು ಅಗುಳಿಗೆ ಕೈ ಸುತ್ತಿ ಹಿಡಿದ. ಬೆರಳುಗಳನ್ನು ಬೂಟಿನಿಂದ ತುಳಿದರೂ ಬಿಡಲಿಲ್ಲ. ಕೆಂಪು ಪಟ್ಟಿಯವನು ಹಿಂದೆ ಸರಿದು, ಕೋಲನ್ನು ಈಟಿಯಂತೆ ಹಿಡಿದು, ಮುಖಕ್ಕೆ ತಿವಿದ.

ಲುವಾನನ ಎಡಗಣ್ಣಿನಿಂದ ಕೋಲು ಹೊರಬಂದದ್ದನ್ನು ದಿಯೆಪ್ ನೋಡಿದಳು. ಪೆಟ್ಟಿಗೆಗಳನ್ನು ಆರಿಸಿದ್ದಳೇ ಹೊರತು ಕೊಳವೆಯಲ್ಲಿನ ಆವಿ ಇನ್ನೂ ಇಳಿದಿರಲಿಲ್ಲ. ಗೊಂಬೆಯ ಕೂದಲಿಗೆ ಹಿಡಿಯುವ ರಬ್ಬರ್ ಮೆದುಗೊಳವೆಯನ್ನು ಎರಡೂ ಕೈಯಲ್ಲಿ ಹಿಡಿದು, ಮುಂದೆ ಬಂದು, ಅದರ ತಿರುಪನ್ನು ಪೂರ್ತಿ ತಿರುಗಿಸಿದಳು. ಬಿಳಿ ಆವಿ ಬುಸುಗುಟ್ಟಿ ಕೆಂಪು ಪಟ್ಟಿಯವನ ಕುತ್ತಿಗೆಗೆ ಹೊಡೆಯಿತು. ಅವನು ಎರಡೂ ಕೈಯಿಂದ ಕುತ್ತಿಗೆ ಹಿಡಿದುಕೊಂಡ, ಕೈಗೆ ಚರ್ಮ ಬಂತು. ಅವಳು ನಿಲ್ಲಿಸಲಿಲ್ಲ. ಓಡುವವರ ಬೆನ್ನಿಗೆ, ತೆವಳುವವನ ಕಾಲಿಗೆ, ಆವಿ ತೀರುವವರೆಗೂ ಹಿಡಿದಳು. ಅವಳ ಅಂಗೈಯೂ ಬೆಂದಿತ್ತು, ಅದು ಗೊತ್ತಾದದ್ದು ಸಂಜೆ. ಬಾಯಲ್ಲಿ ಏನೇನು ಬೈಗುಳ ಬಂತೋ ಅವಳಿಗೆ ನೆನಪಿಲ್ಲ. ಆ ಹೊತ್ತಿನಲ್ಲಿ ಅವರೆಲ್ಲ ಸತ್ತಿದ್ದರೆ ಅವಳಿಗೆ ಖುಷಿಯಾಗುತ್ತಿತ್ತು.

ಮೆಟ್ಟಿಲಿನ ಕೆಳಗಿನಿಂದ ಕಪ್ಪು ಹೊಗೆ ಏರತೊಡಗಿತು. ರಬ್ಬರು ಸುಟ್ಟ ವಾಸನೆ. ಉಳಿದವರು ಗಾಯಗೊಂಡವರನ್ನು ಎಳೆದುಕೊಂಡು ಇಳಿದುಹೋದರು.

ಅವಳು ಅಗುಳಿ ತೆಗೆದಳು. ಖಾ ಹೊರಗೆ ಬಂದು, ಬಿದ್ದವನನ್ನು ನೋಡಿದ. ಅವನೊಬ್ಬನೇ ಓಡಬಹುದಿತ್ತು. ಹಿಂದಿನ ಮೆಟ್ಟಿಲು ಎದುರಿಗೇ ಇತ್ತು. ಒಂದು ಕ್ಷಣ ಆ ಕಡೆ ನೋಡಿದ ಕೂಡ. ಆಮೇಲೆ ಮುರಿದ ಕೈಯನ್ನು ಎದೆಗೆ ಒತ್ತಿಕೊಂಡು, ಬಗ್ಗಿ, ಇನ್ನೊಂದು ಭುಜವನ್ನು ಲುವಾನನ ಕಂಕುಳಿಗೆ ಕೊಟ್ಟ. ಇಬ್ಬರೂ ಸೇರಿ ಅವನನ್ನು ಇಳಿಸಿದರು.

ಸೈಕಲ್ ನಿಲ್ದಾಣದಲ್ಲಿ ದಿಯೆಪ್‌ಳ ಹೋಂಡಾ ಇನ್ನೂ ಇತ್ತು. ಸೀಟಿನಡಿಯಲ್ಲಿ ಬಿಸಿಲಿಗೆ ಹಾಕುವ ಅವಳ ಹೂವಿನ ಕೋಟು, ಮುಖಕ್ಕೆ ಕಟ್ಟುವ ಬಟ್ಟೆ. ಖಾನಿಗೆ ಅದನ್ನು ತೊಡಿಸಿ, ತಲೆಯ ಮೇಲೆ ಕೋಟಿನ ಟೊಪ್ಪಿಗೆ ಎಳೆದಳು. ಕಣ್ಣೆರಡನ್ನು ಬಿಟ್ಟು ಅವನದೇನೂ ಹೊರಗೆ ಕಾಣದಂತಾಯಿತು. ಲುವಾನನನ್ನು ನಡುವೆ ಕೂರಿಸಿ, ಖಾನನ್ನು ಹಿಂದೆ ಕೂರಿಸಿ, ಬಾವುಟ ಬೀಸುತ್ತಿದ್ದ ಗುಂಪಿನ ನಡುವೆಯೇ ಬೈಕು ಓಡಿಸಿದಳು.

"ಏನಾಯ್ತಕ್ಕ?" ಎಂದು ಒಬ್ಬ ಕೂಗಿದ.

"ನನ್ ಗಂಡಂಗೆ ಕಣ್ ಹೋಯ್ತು, ದಾರಿ ಬಿಡ್ರೋ ಪಾಪಿಗಳಾ!"

ದಾರಿ ಬಿಟ್ಟರು. ಹಿಂದೆ ಕೂತ ಹೆಂಗಸು ಅಷ್ಟೇಕೆ ನಡುಗುತ್ತಾಳೆಂದು ಯಾರೂ ಕೇಳಲಿಲ್ಲ.

ತಾಂಗ್ ಅಜ್ಜ ಆಸ್ಪತ್ರೆಯಲ್ಲಿ ಪ್ರಜ್ಞೆ ಬಾರದೆಯೇ ತೀರಿಕೊಂಡರು. ಲುವಾನನ ಎಡಗಣ್ಣನ್ನು ತೆಗೆಯಬೇಕಾಯಿತು. ಥೋವಾಳ ಬೆರಳು ಕೀವು ತುಂಬಿ, ಮೇಲಿನ ಗೆಣ್ಣು ಹೋಯಿತು. ಪೊಲೀಸರು ಊರೂರಿನಿಂದ ಜನರನ್ನು ಹಿಡಿದು ತಂದರು. ಕಾರ್ಖಾನೆಯ ಕ್ಯಾಮೆರಾಗಳಲ್ಲಿ ಒಂದು ಮಾತ್ರ ಸುಡದೆ ಉಳಿದಿತ್ತು, ಮೆಟ್ಟಿಲಿನದು. ಅದರಲ್ಲಿ ಲುವಾನ್ ಸರಳು ಹಿಡಿದು ಹತ್ತುವುದು ಚೆನ್ನಾಗಿ ಕಾಣುತ್ತಿತ್ತು, ಆಮೇಲೆ ಕರೆಂಟು ಹೋಗಿ ಅದೂ ನಿಂತಿತ್ತು. ಕಣ್ಣಿನ ಪಟ್ಟಿ ಬಿಚ್ಚುವ ಮೊದಲೇ ಅವನನ್ನು ಕರೆದೊಯ್ದರು.

ಗುರುತು ಹಿಡಿಯಲು ಖಾನನ್ನು ಕರೆಸಿದ ದಿನ ದಿಯೆಪ್ ಠಾಣೆಯಲ್ಲಿ ಬೆಂಚಿನ ಮೇಲೆ ಕೂತಿದ್ದಳು. ಖಾನ ಕೈಗೆ ಮೊಣಕೈವರೆಗೂ ಪ್ಲಾಸ್ಟರು. ಅಧಿಕಾರಿ ಲುವಾನನನ್ನು ತೋರಿಸಿ ಕೇಳಿದರು:

"ಇವನು ಗೊತ್ತಾ?"

"ಗೊತ್ತು. ಇವನು, ಇದು," ಎಂದು ಖಾ ಪ್ಲಾಸ್ಟರು ಎತ್ತಿ ತೋರಿಸಿದ. "ಕಬ್ಬಿಣ. ಇವನೇ."

ದಿಯೆಪ್ ಎದ್ದುನಿಂತಳು. ಖಾ ಅವಳ ಕಡೆ ನೋಡಲಿಲ್ಲ. ಸರಿಯಾದ ಮಾತಿಗೆ ಹುಡುಕಾಡಿ, ಸಿಗದೆ, ಕುರ್ಚಿಯಿಂದ ಎದ್ದು ಠಾಣೆಯ ಗೋಡೆಗೆ ಬೆನ್ನಾನಿಸಿ ಎರಡೂ ತೋಳು ಚಾಚಿ ನಿಂತ. ಪ್ಲಾಸ್ಟರಿನ ಕೈ ಮೇಲೇರದೆ ಅವನ ಮುಖ ನೋವಿಗೆ ಕಿವುಚಿತು.

"ಇವನು, ಹೀಗೆ. ಬಾಗಿಲು. ಅವರು ಹೊಡೆದರು, ಹೊಡೆದರು. ಇವನು ಹೀಗೆ. ಹೋಗಲಿಲ್ಲ." ತನ್ನ ಎಡಗಣ್ಣನ್ನು ಮುಟ್ಟಿಕೊಂಡ. "ಇವನು ಇಲ್ಲ, ನಾನು ಇಲ್ಲ."

"ಹಾಗಾದ್ರೆ ಹೊಡೆದವನೋ ಉಳಿಸಿದವನೋ? ಒಂದು ಹೇಳಿ."

"ಎರಡೂ," ಎಂದ ಖಾ.

"ಮೊದಲು ಇವನ್ಯಾಕೆ ನಿಮ್ಮ ಕೈ ಮುರಿದ?"

ಖಾ ಪ್ಲಾಸ್ಟರಿನ ಅಂಚನ್ನು ಉಗುರಿನಿಂದ ಕೆರೆದ. ದಿಯೆಪ್ ಕಾದಳು. ಕಡೆಗೆ ಅವನು ತಲೆಯಾಡಿಸಿ, "ಗೊತ್ತಿಲ್ಲ," ಎಂದ. ಇಕ್ಕಳದ ಮಾತು, ಥೋವಾಳ ಮಾತು ಅವನ ಬಾಯಿಂದ ಬರಲಿಲ್ಲ. ದಿಯೆಪ್‌ಳೇ ಅದೆಲ್ಲವನ್ನೂ ಹೇಳಿದಳು. ಅಧಿಕಾರಿ ಕೇಳಿಸಿಕೊಂಡರು. ಅದು ಬೇರೆ ವಿಷಯ ತಾಯಿ, ಎಂದರು.

ಕುತ್ತಿಗೆಗೆ ಬ್ಯಾಂಡೇಜು ಸುತ್ತಿಕೊಂಡಿದ್ದ ಕೆಂಪು ಪಟ್ಟಿಯವನೂ ಅದೇ ಠಾಣೆಯಲ್ಲಿದ್ದ. ಆವಿಯ ಮಾತನ್ನು ಅವನೂ ಎತ್ತಲಿಲ್ಲ. ಎತ್ತಿದ್ದರೆ ತಾನು ಮೂರನೆಯ ಮಹಡಿಯಲ್ಲಿದ್ದೆನೆಂದು ಒಪ್ಪಿಕೊಂಡ ಹಾಗಾಗುತ್ತಿತ್ತು. ಅಡುಗೆಮನೆಯಲ್ಲಿ ಬಿಸಿನೀರು ಚೆಲ್ಲಿತು ಎಂದನಂತೆ. ಆದರೆ ಲುವಾನ್ ಅವನ ಗುರುತು ಹಿಡಿದ, ಅಜ್ಜನನ್ನು ಕೊಂದವರ ಜೊತೆ ಅವನಿಗೂ ದೊಡ್ಡ ಶಿಕ್ಷೆಯಾಯಿತು. ಲುವಾನನಿಗೆ ಒಂದೂವರೆ ವರ್ಷ. ಬಾಗಿಲಲ್ಲಿ ನಿಂತದ್ದಕ್ಕೆ ಕಡಿಮೆಯಾದದ್ದು ಎಂದರು ವಕೀಲರು.

ಮಳೆಗಾಲದ ನಡುವೆ ಕಾರ್ಖಾನೆ ಮತ್ತೆ ತೆರೆಯಿತು. ಅಚ್ಚುಗಳು ಉಳಿದಿದ್ದರಿಂದ ಬೇಗ ತೆರೆಯಿತು. ಕ್ರಿಸ್‌ಮಸ್ಸು ಮುಂದಕ್ಕೆ ಹೋಗುವುದಿಲ್ಲವಲ್ಲ. ಖಾ ತೈವಾನಿಗೆ ಹೋದವನು ಮರಳಲಿಲ್ಲ. ಹೊಸ ಮ್ಯಾನೇಜರ್ ಕೈಯೆತ್ತುವುದಿಲ್ಲ, ಮೈಕಿನಲ್ಲಿ ಕಿರುಚುತ್ತಾನೆ. ಥೋವಾ ಪ್ಯಾಕಿಂಗಿಗೆ ಹೋದಳು. ದಿಯೆಪ್ ಹಳೆಯ ಜಾಗದಲ್ಲೇ ಕೂತಳು, ಬೇರೆ ಕೆಲಸ ಬರುವುದಿಲ್ಲ.

ಜೈಲಿನ ಭೇಟಿಗೆ ಮೊದಲ ಮೂರು ತಿಂಗಳು ಅವಳು ಹೋಗಲೇ ಇಲ್ಲ. ಅತ್ತೆಯನ್ನು ಕಳಿಸಿದಳು, ಒಣಮೀನು ಕಳಿಸಿದಳು. ನಾಲ್ಕನೆಯ ತಿಂಗಳು ತಾನೇ ಹೋಗಿ ಜಾಲರಿಯ ಈಚೆ ಕೂತಳು. ಲುವಾನ್ ಸೊರಗಿದ್ದ. ಕಾಣುವ ಕಣ್ಣನ್ನು ಅವಳ ಕಡೆ ಮಾಡಲು ಮುಖವನ್ನು ಸ್ವಲ್ಪ ಓರೆಯಾಗಿ ಹಿಡಿದಿದ್ದ.

"ತುಟಿ ವಾಸಿಯಾಯ್ತಾ?" ಎಂದ.

"ಅದ್ಯಾವಾಗ್ಲೋ ಆಯ್ತು." ಅವಳು ಜಾಲರಿಗೆ ಹತ್ತಿರ ಸರಿದಳು. "ಒಂದು ಕೇಳ್ಬೇಕು. ಅವನಿಗೋಸ್ಕರ ಕಣ್ಣು ಕೊಟ್ಟೆಯಲ್ಲ, ಮೊದಲು ಕೈ ಯಾಕೆ ಮುರಿದೆ? ಸುಮ್ನೆ ನಿಂತಿದ್ರೆ ಈಗ ಮನೇಲಿರ್ತಿದ್ದೆ."

"ಅವನಿಗೋಸ್ಕರ ಯಾರು ನಿಂತರು? ಅಜ್ಜನ ಥರ ಇನ್ನೊಬ್ರು ಸಾಯೋದು ಬೇಡಾಗಿತ್ತು." ಲುವಾನ್ ಬೆರಳುಗಳನ್ನು ನೋಡಿಕೊಂಡ, ಎರಡು ಸೊಟ್ಟಗೆ ಕೂಡಿದ್ದವು. "ಮುರೀದೆ ಇದ್ದಿದ್ರೆ ನಾನೂ ಅವ್ರ ಜೊತೆ ಸೇರಿ ಒಳಗೆ ನುಗ್ತಿದ್ದೆ ಕಣೆ. ಅಷ್ಟು ಸಿಟ್ಟಿತ್ತು."

ದಿಯೆಪ್ ಮೆದುಗೊಳವೆ ಹಿಡಿದಿದ್ದ ತನ್ನ ಕೈಗಳನ್ನು ಮಡಿಲಲ್ಲಿ ಮಡಚಿಕೊಂಡಳು. ಅವನನ್ನು ಮೃಗ ಎಂದು ಕರೆದಿದ್ದಳು, ಆಮೇಲೆ ತಾನೇನು ಮಾಡಿದೆನೆಂಬುದನ್ನು ಇಂದಿಗೂ ಯಾರಿಗೂ ಪೂರ್ತಿ ಹೇಳಿರಲಿಲ್ಲ.

"ಅನ್ನ ಸರಿಯಾಗಿ ಹಾಕ್ತಾರಾ?" ಎಂದು ಕೇಳಿದಳು.

"ಹಾಕ್ತಾರೆ. ಮೀನು ಮಾತ್ರ ಹಳಸಲು."

"ಮುಂದಿನ ತಿಂಗಳು ನಾನೇ ಹುರ್ಕೊಂಡು ಬರ್ತೀನಿ," ಎಂದಳು ದಿಯೆಪ್. ಪಹರೆಯವನು ಹೊತ್ತಾಯಿತೆಂದು ಕೂಗಿದ. ಅವಳು ಏಳಲಿಲ್ಲ, ಅವನು ಎರಡನೆಯ ಸಲ ಕೂಗುವವರೆಗೂ ಅಲ್ಲೇ ಕೂತಿದ್ದಳು.